ಒಂದೇ ತೊಲೆಯ ಎರಡು ಮನೆ

ಜೋಗುಪಾಳ್ಯದ ಆ ಗಲ್ಲಿಯಲ್ಲಿ ಯಮುನಾಳ ಮನೆಗೂ ಪಕ್ಕದ ಗೋವಿಂದಮ್ಮನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಸೂರು ಹೊರುವ ತೊಲೆಯೂ ಒಂದೇ. ಗೋಡೆ ತೂರಿ ಆಚೆ ಮನೆಗೂ ಹೋಗುತ್ತದೆ. ಹಿಂದೆ ಅದು ಒಂದೇ ಮನೆಯಾಗಿತ್ತು. ಅರ್ಧ ಯಮುನಾಳ ಮಾವನಿಗೆ ಬಂತು, ಉಳಿದರ್ಧವನ್ನು ಯಾರೋ ಕೊಂಡು ಗೋವಿಂದಮ್ಮನಿಗೆ ಬಾಡಿಗೆಗೆ ಕೊಟ್ಟರು.

ಅಡುಗೆಮನೆ ಅಗಲ ಮಾಡಿಸೋಣವೆಂದು ಯಮುನಾ ಹಳೇ ಅಟ್ಟ ಕೀಳಿಸಿದ್ದೇ ತಪ್ಪಾಯಿತು. ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದ ಹಾಗೆ! ಮೇಸ್ತ್ರಿ ಮೊಹ್ಸಿನ್ ಏಣಿ ಹತ್ತಿ, ಬಣ್ಣ ಬಳಿದ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದ. ಹಿಡಿಯವರೆಗೂ ಒಳಗೆ ಹೋಯಿತು. ಮೇಲೆ ಥಳುಕು, ಒಳಗೆ ಹುಳುಕು ಅನ್ನುವ ಮಾತು ಮನುಷ್ಯರಿಗಷ್ಟೇ ಅಲ್ಲ ನೋಡಿ.

“ಗೆದ್ಲು ಪೂರಾ ತಿಂದ್ಬಿಟ್ಟಿದೆ ಮೇಡಂ. ನಿಮ್ಮ ಕಡೆ ಜಾಕಿ ಕೊಟ್ಟು ಕಬ್ಬಿಣದ್ದು ಹಾಕ್ತೀನಿ. ಆ ಕಡೆ ಇನ್ನೂ ಖರಾಬು. ಅವರು ಒಂದು ವಾರ ಮನೆ ಖಾಲಿ ಮಾಡಿದ್ರೇನೇ ಕೆಲಸ ಆಗೋದು. ಇಲ್ಲಾಂದ್ರೆ ಯಾವತ್ತು ಬೀಳುತ್ತೋ, ಅಲ್ಲಾನೇ ಬಲ್ಲ.”

ಯಮುನಾ ಹಾಗೇ ಆಚೆ ಮನೆಗೆ ಓಡಿದಳು. ಮೂವತ್ತು ವರ್ಷದಿಂದ ಅಲ್ಲೇ ಬ್ಲೌಸ್ ಹೊಲಿಯುತ್ತಿದ್ದ ಗೋವಿಂದಮ್ಮ ಎಲ್ಲ ಕೇಳಿದಳು, ಕೈಯಲ್ಲಿದ್ದ ಸೂಜಿ ಕೆಳಗಿಡಲಿಲ್ಲ.

“ಒಂದು ವಾರ ನಮ್ಮನೇಲೇ ಇರಿ ಆಂಟಿ.”

“ಒಂದಿನ ಬಿಟ್ರೂ ಓನರ್ ಬೀಗ ಜಡೀತಾನೆ ಕಣಮ್ಮ. ಅದಕ್ಕೇ ಕಾಯ್ತಾ ಕೂತವ್ನೆ. ತಂಗಿ ಮಗಳ ಮದ್ವೆಗೂ ನಾನು ಹೋಗ್ಲಿಲ್ಲ, ಗೊತ್ತಾ?”

ಅಷ್ಟು ಕಟುಕ ಇರಲಾರ ಎಂದುಕೊಂಡು ಯಮುನಾ ಅಲ್ಲೇ ನಿಂತು ಆತನಿಗೆ ಫೋನ್ ಮಾಡಿದಳು. ತೊಲೆಯ ಸುದ್ದಿ ಎತ್ತದೆ, ಗೋವಿಂದಮ್ಮನ ಸೂರು ಸ್ವಲ್ಪ ರಿಪೇರಿ ಮಾಡಿಸುತ್ತೀರಾ ಎಂದಷ್ಟೇ ಕೇಳಿದಳು.

“ಯಾಕೆ ಮೇಡಂ? ಬೀಳೋ ಹಾಗಿದ್ಯಾ?” ಆತನ ದನಿಯಲ್ಲಿ ಹಬ್ಬವಿತ್ತು. “ನೀವು ಒಂದು ಕಾಗದ ಬರೆದ್ಕೊಡಿ, ಸಾಕು. ಈ ವಾರಾನೇ ಖಾಲಿ ಮಾಡಿಸಿ ಕೆಡವಿಸ್ಬಿಡ್ತೀನಿ.”

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಮನೆ ಹೋಗುತ್ತದೆ, ಹೇಳದಿದ್ದರೆ ಜೀವ.

“ಏನಿಲ್ಲ ಸರ್, ಸುಮ್ಮನೆ ಕೇಳ್ದೆ,” ಎಂದು ಯಮುನಾ ಫೋನ್ ಇಟ್ಟಳು. ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಗೋವಿಂದಮ್ಮ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. “ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಮ್ಮ. ನನ್ನ ಮನೆ ಉಳಿಸ್ದೆ.”

ಆಮೇಲೆ ಒಮ್ಮೆ ಮೇಲೆ ನೋಡಿ, ತಾನು ಕೂರುವ ಸ್ಟೂಲನ್ನು ತೊಲೆಯ ಕೆಳಗಿನಿಂದ ಒಂದು ಗೇಣು ಆಚೆಗೆ ಸರಿಸಿಕೊಂಡಳು. ಅದಕ್ಕಿಂತ ಹೆಚ್ಚು ಸರಿಸಲು ಆ ಕೋಣೆಯಲ್ಲಿ ಜಾಗವಿರಲಿಲ್ಲ.