ಕಿರುಬೆರಳ ಮೇಲಿನ ಗಾಜು

ನಾನು ಒಂದು ಸೀಸೆಯ ಕತ್ತು. ಮೈ ಇಲ್ಲ, ತಳ ಇಲ್ಲ, ಬರೀ ಕತ್ತು. ಅಮೆರಿಕದ ಮಿಸಿಸಿಪ್ಪಿಯ ಹತ್ತಿ ಹೊಲದ ಜಮೀನ್ದಾರ ಔಷಧಿ ಕುಡಿದು ಎಸೆದ ಸೀಸೆಯನ್ನು ಕೂಲಿಯಾಳು ಲೂವೀನಿಯಾ ಎತ್ತಿಕೊಂಡಳು. ಕತ್ತಿಗೆ ಸೀಮೆಎಣ್ಣೆಯಲ್ಲಿ ನೆನೆಸಿದ ದಾರ ಸುತ್ತಿ, ಬೆಂಕಿ ಹಚ್ಚಿ, ತಣ್ಣೀರಿಗೆ ಅದ್ದಿದಳು. ಟಣ್! ನಾನು ಹುಟ್ಟಿದ್ದು ಹೀಗೆ. ಚೂಪು ಅಂಚನ್ನು ಕಲ್ಲಿಗೆ ಉಜ್ಜಿ, ಕಿರುಬೆರಳಿಗೆ ತೊಟ್ಟು, ಗಿಟಾರಿನ ತಂತಿಯ ಮೇಲೆ ಜಾರಿಸಿದಳು. ತಂತಿ ಮನುಷ್ಯರ ಹಾಗೆ ನರಳಿತು.

ಕಪ್ಪು ಜನರ ಆ ಬಗೆಯ ಹಾಡಿಗೆ ಬ್ಲೂಸ್ ಅನ್ನುತ್ತಾರೆ. ನಸುಕಿಗೇ ಕೂಲಿಗಳನ್ನು ಎಬ್ಬಿಸುತ್ತಿದ್ದ ಜಮೀನ್ದಾರನ ಗಂಟೆಯನ್ನು ಬೈದು ಲೂವೀನಿಯಾ ಒಂದು ಹಾಡು ಕಟ್ಟಿದಳು. ಪಟ್ಟಣದಿಂದ ಬಂದ ಬಿಳಿಯನೊಬ್ಬ ಅದನ್ನು ದನಿ ಮುದ್ರಿಸುವ ಯಂತ್ರದಲ್ಲಿ ಹಿಡಿದುಕೊಂಡು ಹೋದ. ಆಮೇಲೆ ರೆಕಾರ್ಡಿನ ಮೇಲೆ ಅಚ್ಚಾಯಿತು: 'ಸಾಂಪ್ರದಾಯಿಕ ಹಾಡು. ಕಟ್ಟಿದವರು ತಿಳಿದಿಲ್ಲ.' ತಿಳಿದಿಲ್ಲವಂತೆ! ಅವಳ ಅಂಗಳದಲ್ಲೇ ಕೂತು, ಅವಳು ಬೇಯಿಸಿಕೊಟ್ಟ ಗೆಣಸು ತಿಂದವನಿಗೆ!

ಅವಳು ಸತ್ತ ಮೇಲೆ ಮಗಳು ಒಡೆಸ್ಸಾಳ ಬೆರಳಿಗೆ ಬಂದೆ. ಒಡೆಸ್ಸಾ ಶಿಕಾಗೋದಲ್ಲಿ ಹಗಲು ಆಸ್ಪತ್ರೆಯ ಬಟ್ಟೆ ಒಗೆದಳು, ಸಂಜೆ ಹಾಡಿದಳು. ಮುಪ್ಪಿನಲ್ಲಿ ಮಾಡಿದ ಆಲ್ಬಮ್ಮಿಗೆ ವರ್ಷದ ಶ್ರೇಷ್ಠ ಸಾಂಪ್ರದಾಯಿಕ ಬ್ಲೂಸ್ ಆಲ್ಬಂ ಎಂದು ಪ್ರಶಸ್ತಿ ಬಂತು. ಅದರಲ್ಲಿದ್ದ ಅವ್ವನ ಹಾಡಿನ ಮುಂದೆ ಮಾತ್ರ ಅದೇ ಹಳೆಯ ಸುಳ್ಳು.

ಸಮಾರಂಭದ ದಿನ ವೇದಿಕೆಯ ಹಿಂದೆ ಒಡೆಸ್ಸಾ ನನ್ನನ್ನು ಬೆರಳಿಗೆ ತೊಡಲಿಲ್ಲ, ಮುಷ್ಟಿಯಲ್ಲಿ ಹಿಡಿದಳು.

"ಮೊದಲು ನಮ್ಮವ್ವನ ಹೆಸರು ಹೇಳಿ. ಆಮೇಲೆ ಹಾಡ್ತೀನಿ."

ಆಲ್ಬಂ ಕಂಪನಿಯ ಮಾಲೀಕ ಪ್ರೆಸ್ಕಾಟ್ ನಕ್ಕ. "ಮಿಸ್ ಒಡೆಸ್ಸಾ, ಹಳೇ ಹಾಡು. ಎಲ್ಲರದ್ದೂ ಅಲ್ವಾ?"

"ಎಲ್ಲರದ್ದೂ ಅಂದ್ರೆ ಕವರಿನ ಮೇಲೆ ನಿನ್ನ ಕಂಪನಿ ಹೆಸರು ಯಾಕಪ್ಪಾ ಅಷ್ಟು ದಪ್ಪಕ್ಕಿದೆ?"

"ಜನ ಕಾಯ್ತಿದ್ದಾರೆ..."

"ಕಾಯ್ಲಿ. ನಮ್ಮವ್ವ ಸತ್ತೂ ಕಾಯ್ತಿದ್ದಾಳೆ."

ಅವಳನ್ನು ಕರೆದರು. ಹೋಗಿ ಗಿಟಾರ್ ತೊಡೆಯ ಮೇಲಿಟ್ಟು ಕೂತಳು. ಬಾಯಿ ತೆರೆಯಲಿಲ್ಲ. ಚಪ್ಪಾಳೆ ನಿಂತಿತು, ಗುಸುಗುಸು ಎದ್ದಿತು. ಮುಷ್ಟಿಯೊಳಗೆ ನಾನು ಬೆವರಿನಲ್ಲಿ ತೊಯ್ದೆ. ಕೊನೆಗೆ ಪ್ರೆಸ್ಕಾಟನೇ ಮೈಕಿನ ಹತ್ತಿರ ಬಂದು ಗೊಣಗಿದ: "ಈ ಹಾಡು ಕಟ್ಟಿದವರು... ಲೂವೀನಿಯಾ."

"ಹಿಂದಿನ ಸಾಲಿಗೆ ಕೇಳಿಸಲಿಲ್ಲ," ಅಂದಳು ಒಡೆಸ್ಸಾ.

ಅವನು ಕೂಗಿ ಹೇಳಿದ. ಆಗ ಅವಳು ನನ್ನನ್ನು ತೊಟ್ಟಳು. ನಾನು ತಂತಿಯನ್ನು ಹಿಂದೆಂದೂ ಹಾಗೆ ಉಜ್ಜಿರಲಿಲ್ಲ. ಆಲ್ಬಮ್ಮಿನ ಮುಂದಿನ ಅಚ್ಚಿನಲ್ಲಿ ಹೆಸರು ಬಂತು.

ಈಗ ಒಡೆಸ್ಸಾಳ ಗೆಣ್ಣು ಊದಿವೆ, ನಾನು ಬೆರಳಿಗೆ ತೂರುವುದಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಕೂತಿದ್ದೇನೆ. ನನ್ನ ಕೆಲಸ ಮುಗಿಯಿತು, ಅವಳದ್ದು ಮುಗಿದಿಲ್ಲ. ಮೊನ್ನೆ ಮುದುಕನೊಬ್ಬ ಹಳೆಯ ರೆಕಾರ್ಡು ಹಿಡಿದು ಬಂದ.

"ಅಕ್ಕಾ, ಇದು ನಮ್ಮಪ್ಪ ಕಟ್ಟಿದ್ದು. ಇಲ್ಲೂ ತಿಳಿದಿಲ್ಲ ಅಂತ ಹಾಕಿದ್ದಾರೆ."

ಒಡೆಸ್ಸಾ ಗೋಡೆಯ ಮೊಳೆಯಿಂದ ಕೋಟು ತೆಗೆದಳು.

"ಕಂಪನಿ ಎಲ್ಲಿದೆ? ನಡಿ, ಬಾಗಿಲು ಹಾಕೋದ್ರೊಳಗೆ ಹೋಗೋಣ."