ಕನ್ನಡಿ ಮಾರಿದವನೂ ಇಪ್ಪತ್ತು ಮುಖದ ನಾನೂ

ನಾನು ಒಂದು ದಾಳ. ನನಗೆ ಇಪ್ಪತ್ತು ಮುಖ. ಅದರಲ್ಲಿ ಒಂದೂ ನಗುಮುಖವಲ್ಲ, ಈಗಲೇ ಹೇಳಿಬಿಡುತ್ತೇನೆ.

ಚನ್ನಪಟ್ಟಣದಲ್ಲಿ ಬುಗುರಿ ಮಾಡುವ ಅನ್ವರ್ ಸಾಬರು ಹಾಲೆ ಮರದ ತುಂಡಿನಿಂದ ನನ್ನನ್ನು ಕೆತ್ತಿದರು. ಮಂಡ್ಯದ ಡ್ರಾಯಿಂಗ್ ಮೇಷ್ಟ್ರು ಸಿದ್ದರಾಜು ಕಾಗದದ ಮೇಲೆ ನನ್ನ ಆಕಾರ ಬರೆದು ತಂದಾಗ ಸಾಬರು, "ಆರು ಮುಖ ಸಾಲಲ್ವಾ ಮೇಷ್ಟ್ರೇ?" ಎಂದು ಗೊಣಗಿದ್ದರು. ಆದರೂ ಎರಡು ದಿನ ಕೂತು, ಯಾವ ಕಡೆಗೂ ವಾಲದಂತೆ ನನ್ನನ್ನು ಉಜ್ಜಿ, ಕೆಂಪು ಅರಗು ಬಳಿದು, ಮುಖಕ್ಕೊಂದರಂತೆ ಅಂಕಿ ಕೊರೆದರು. "ಇದು ಯಾರ ಪಕ್ಷಾನೂ ವಹಿಸಲ್ಲ" ಎಂದು ಮೇಷ್ಟ್ರ ಕೈಗಿಟ್ಟರು.

ಮೇಷ್ಟ್ರು ತಾವೇ ಒಂದು ಆಟ ಕಟ್ಟಿದ್ದರು. ಭಾನುವಾರ ಮಧ್ಯಾಹ್ನ ನಾಲ್ಕು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಲ್ಲೇ ಕಥೆ ನಡೆಸುವ ಆಟ ಅದು. ನಿಯಮಗಳೆಲ್ಲ ಮೇಷ್ಟ್ರ ನೋಟ್‌ಬುಕ್ಕಿನಲ್ಲಿದ್ದವು. ಅಪಾಯದ ಕೆಲಸಕ್ಕೆ ಕೈಹಾಕಿದರೆ ನನ್ನನ್ನು ಉರುಳಿಸಬೇಕು. ಹೆಚ್ಚು ಬಿದ್ದರೆ ಗೆಲುವು, ಒಂದು ಬಿದ್ದರೆ ಸರ್ವನಾಶ.

ಆಡುವವರಲ್ಲಿ ಪ್ರಭಾಮಣಿ ಬಸ್ ಕಂಡಕ್ಟರ್. ವಾರವೆಲ್ಲ ಬೇರೆಯವರು ಹೇಳಿದ ಊರಿಗೆ ನಿಂತುಕೊಂಡೇ ಹೋಗಿಬರುವವಳು. ಆಟದಲ್ಲಿ ಅವಳಿಗೆ ಬೇಕಿದ್ದದ್ದು ಒಂದೇ, ತಾನು ಹೇಳಿದ ಕಡೆಗೆ ಹೋಗುವ ಸ್ವಂತ ದೋಣಿ. ಬೆಲೆ ಐನೂರು ವರಹ. ಹನ್ನೊಂದು ತಿಂಗಳು ಬಂಡೆ ಹತ್ತಿ ಜೇನು ಕಿತ್ತಳು, ಕಳ್ಳರನ್ನು ಅಟ್ಟಿದಳು. ಎಷ್ಟೋ ಸಲ ನಾನು ಎರಡು, ಮೂರು ಬಿದ್ದು ಅವಳ ಗಳಿಕೆಯನ್ನು ನೀರುಪಾಲು ಮಾಡಿದೆ. ಒಂದು ದಿನವೂ ನನ್ನನ್ನು ಬೈದವಳಲ್ಲ.

ಅವಳ ಐನೂರು ತುಂಬಿದ ಭಾನುವಾರವೇ ಮಾದೇಶ ತನ್ನ ಬುದ್ಧಿ ತೋರಿಸಿದ. ಇವನು ಔಷಧಿ ಅಂಗಡಿಯವನು, ಆಟದಲ್ಲಿ ಮಂತ್ರವಾದಿ. ಒಡೆದ ವಸ್ತುವಿನ ಒಂದು ಚೂರು ಮುಟ್ಟಿ ಮಂತ್ರ ಹೇಳಿದರೆ ವಸ್ತು ಇಡಿಯಾಗುತ್ತದೆ, ದಾಳ ಬೇಕಿಲ್ಲ ಎಂದು ಮೇಷ್ಟ್ರು ಬರೆದಿದ್ದರು.

"ಒಂದು ಕನ್ನಡಿ ತಕ್ಕಂಡು ಹತ್ತು ಚೂರು ಮಾಡ್ತೀನಿ ಸಾರ್. ಒಂದೊಂದು ಚೂರ್ಗೂ ಮಂತ್ರ ಹೇಳ್ತೀನಿ. ಹತ್ತು ಕನ್ನಡಿ ಆಯ್ತವೆ. ಮಾರ್ತೀನಿ. ಹಿಂಗೇ ನೂರು ದಿನ."

ನೂರು ದಿನ ಒಂದೇ ಉಸಿರಿನಲ್ಲಿ ಮುಗಿಯಿತು! ಕನ್ನಡಿಗೆ ಮೂವತ್ತರಂತೆ ಮೂವತ್ತು ಸಾವಿರ ವರಹ. ನನ್ನನ್ನು ಯಾರೂ ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸೋಲುವ ಭಯವೇ ಇಲ್ಲದೆ ಗೆಲ್ಲುವವನಿಗೆ ಆಟ ಯಾಕೆ ಬೇಕು, ಮನೆಯಲ್ಲಿ ಮಲಗಬಾರದೇ?

ಮೇಷ್ಟ್ರು ಕೆಂಡವಾದರು. "ದುಡ್ಡು ಹೊಳೆ ಥರ ಹರಿದ ಮೇಲೆ ಬೆಲೆ ಏರದೆ ಇರ್ತದಾ? ಇವತ್ತಿಂದ ಎಲ್ಲಾ ಹತ್ತರಷ್ಟು" ಎಂದು ನೋಟ್‌ಬುಕ್ಕಿನ ಬೆಲೆಗಳನ್ನೆಲ್ಲ ಹೊಡೆದುಹಾಕಿದರು. ದೋಣಿ ಐದು ಸಾವಿರವಾಯಿತು. ಮಾದೇಶನಿಗೆ ಅದು ಕಡಲೆಕಾಯಿ ಸಮ. ಪ್ರಭಾಮಣಿ ಕೇಳಿದಳು, "ಕನ್ನಡಿ ಮಾಡ್ದೋರು ಅವ್ರು ಸಾರ್. ನನ್ ದೋಣಿ ಯಾಕ್ ಹೋಯ್ತು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು ಮಹಾನುಭಾವರು. ಕೋಪದಲ್ಲಿ ನನ್ನನ್ನು ಗೋಡೆಗೆ ಬೀಸಿದರು. ಏಳರ ಅಂಚು ಚಕ್ಕೆ ಎದ್ದಿತು. ನಾನೇನು ಮಾಡಿದ್ದೆ?

ಮೂರು ಭಾನುವಾರ ಅವಳು ಬರಲಿಲ್ಲ. ನಾನು ಬಿಸ್ಕತ್ ಡಬ್ಬಿಯಲ್ಲಿ ಕುದಿಯುತ್ತಾ ಬಿದ್ದಿದ್ದೆ. ನಾಲ್ಕನೆಯ ವಾರ ಬಂದವಳು ಕುರ್ಚಿಯಲ್ಲಿ ಕೂರುವ ಮೊದಲೇ ಮಾತೆತ್ತಿದಳು.

"ಬಸ್ಸಲ್ಲಿ ಒಬ್ಬ ಟಿಕೆಟ್ ತಕ್ಕಳ್ದೆ ಕೂತ್ಕಂಡ್ರೆ ದಂಡ ಅವನ್ಗೆ ಸಾರ್. ಇಡೀ ಬಸ್ಗೆ ಹಾಕಲ್ಲ. ನಮ್ಮ ಆಟದ ಊರಲ್ಲಿ ಎಷ್ಟು ಮನೆ ಅವೆ?"

"ನಲವತ್ತು" ಎಂದರು ಮೇಷ್ಟ್ರು.

"ಮನೆಗೊಂದು ಕನ್ನಡಿ. ನಲವತ್ತು ಮಾರ್ಲಿ. ನಲವತ್ತೊಂದನೇದು ಯಾರ್ ತಕ್ಕತಾರೆ? ಇನ್ನೂ ಮಾರ್ಬೇಕಂದ್ರೆ ಹೊಳೆ ದಾಟ್ಲಿ."

ಮೇಷ್ಟ್ರು ನೋಟ್‌ಬುಕ್ ನೋಡಿದರು. ಆಮೇಲೆ, "ತಪ್ಪು ನಂದೇ ಕಣಮ್ಮ" ಎಂದು ಹಳೆಯ ಬೆಲೆಗಳನ್ನು ಮತ್ತೆ ಬರೆದರು. ನಲವತ್ತು ಕನ್ನಡಿಯ ಹಣ ಮಾದೇಶನಿಗೆ ಉಳಿಯಿತು, ಮಾರದ ಕನ್ನಡಿಗಳೂ ಅವನ ತಲೆಯ ಮೇಲೇ ಉಳಿದವು. ಪ್ರಭಾಮಣಿ ಐನೂರು ಕೊಟ್ಟು ಊರಿನ ಒಂದೇ ಒಂದು ದೋಣಿಯನ್ನು ಕೊಂಡಳು. ಮಾದೇಶ ತಲೆ ಕೆರೆದುಕೊಂಡು ಅವಳ ಮುಂದೆ ನಿಂತ.

"ಹತ್ತಿ, ಬೇಡ ಅನ್ನಲ್ಲ. ಕನ್ನಡಿಗೊಂದು ಲಗೇಜ್ ಟಿಕೆಟ್" ಎಂದಳು.

ಹೊಳೆ ತುಂಬಿತ್ತು. ಉರುಳಿಸಲೇಬೇಕು. ಪ್ರಭಾಮಣಿ ನನ್ನನ್ನು ಕೈಗೆತ್ತಿಕೊಂಡಳು. ಒಂದು ತಿಂಗಳ ಸಿಟ್ಟನ್ನೆಲ್ಲ ಕೂಡಿಸಿ ನಾನು ಒಂದೇ ಒಂದನ್ನು ಬಯಸಿದೆ. ಒಂದು ಬೀಳಬೇಕು, ಆ ಮಾದೇಶ ಕನ್ನಡಿ ಸಮೇತ ಮುಳುಗಬೇಕು. ಮೇಜಿನ ಮೇಲೆ ಉರುಳಿದೆ, ಒಂದರ ಅಂಚಿನ ಮೇಲೆ ನಿಂತೇಬಿಟ್ಟೆ. ಆಗ ಅವಳ ಮುಖ ಕಂಡಿತು. ಉಸಿರು ಬಿಗಿಹಿಡಿದಿದ್ದಳು. ಅದು ಅವಳ ದೋಣಿ ಎನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಗೋಡೆಗೆ ಬೀಸಿದ ಮೇಷ್ಟ್ರಿಗೂ ನನಗೂ ಏನು ವ್ಯತ್ಯಾಸ?

ಹತ್ತೊಂಬತ್ತು ಬಿದ್ದೆ. ನಾನಾಗಿ ಬಿದ್ದದ್ದಲ್ಲ, ದಾಳಕ್ಕೆ ಆ ಅಧಿಕಾರವಿಲ್ಲ. ಸಾಬರು ಉಜ್ಜಿದ ಹಾಗೆ ಬಿದ್ದೆ.

ಈಗ ನನ್ನ ಅರಗು ಉದುರಿದೆ, ಅಂಚುಗಳು ಸವೆದಿವೆ. ನೆಟ್ಟಗೆ ಉರುಳುವುದಿಲ್ಲ ಎಂದು ಮೇಷ್ಟ್ರು ಪ್ಲಾಸ್ಟಿಕ್ ದಾಳ ತಂದರು. ನನ್ನನ್ನು ಪ್ರಭಾಮಣಿ ಕೇಳಿ ಪಡೆದಳು. ಅವಳ ಚರ್ಮದ ಚೀಲದಲ್ಲಿ ಚಿಲ್ಲರೆಯ ಜೊತೆ ಕುಲುಕುತ್ತಾ ಊರೂರು ತಿರುಗುತ್ತೇನೆ. ಟಿಕೆಟ್ ಇಲ್ಲದವನೊಬ್ಬ ಸಿಕ್ಕಿದಾಗಲೆಲ್ಲ ನನಗೆ ಇವತ್ತಿಗೂ ಮೈ ಉರಿಯುತ್ತದೆ, ಬಸ್ಸೇ ಕೆಟ್ಟು ನಿಲ್ಲಲಿ ಅನ್ನಿಸುತ್ತದೆ. ಆಮೇಲೆ ಅದರಲ್ಲಿ ಅವಳೂ ನಿಂತಿದ್ದಾಳೆ ಎಂದು ನೆನಪಾಗುತ್ತದೆ.