ಈಶಾನ್ಯದ ಮುಳ್ಳುಮರ

ನನ್ನ ಗಂಡ ತಿರುಮಲೇಶ ಜಪಾನಿನ ಭಕ್ತ. ಒಮ್ಮೆ ಟೋಕಿಯೋ, ಕ್ಯೋಟೋ ಸುತ್ತಿ ಬಂದದ್ದೇ ಬಂದದ್ದು, ಅಲ್ಲಿ ರೈಲು ತಡವಾಗುವುದಿಲ್ಲ, ಮಕ್ಕಳು ಶಾಲೆಯನ್ನು ತಾವೇ ಗುಡಿಸುತ್ತಾರೆ ಎಂದು ಸಿಕ್ಕಸಿಕ್ಕವರ ಕಿವಿ ಕೊರೆಯುತ್ತಾನೆ. ತಾನು ಮಾತ್ರ ಕುಡಿದ ಲೋಟವನ್ನು ಸಿಂಕಿನವರೆಗೆ ಒಯ್ದವನಲ್ಲ.

ಅಮೆರಿಕದ ಕ್ಯಾಂಪ್‌ಬೆಲ್ ಊರಿನ ಈ ಮನೆ ಮಾರುತ್ತಿರುವವರು ಜಪಾನಿ ಮೂಲದವರು ಎಂದು ತಿಳಿದಾಗಲಂತೂ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಒಡತಿ ಸುಮಿಯೆ ತಾಕೆಮೊತೊ, ಎಂಬತ್ತು ದಾಟಿದ ವಿಧವೆ. ಪಕ್ಕದ ಸ್ಯಾನ್ ಹೊಸೆಯ ಜಪಾನ್‌ಟೌನಿನಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟಿಗೆ ಹೋಗುವವರಿದ್ದರು. ನಮಗಿಂತ ಹೆಚ್ಚು ಕೊಡುವವರು ಬೇಕಾದಷ್ಟಿದ್ದರೂ ಮನೆ ನಮಗೇ ಕೊಟ್ಟರು. ಯಾಕೆಂದರೆ ಅವರು ಕೇಳಿದ ಒಂದೇ ಒಂದು ಮಾತಿಗೆ ನಾವು ಹೂಂ ಎಂದಿದ್ದೆವು.

ಹಿತ್ತಲಿನ ಈಶಾನ್ಯ ಮೂಲೆಯಲ್ಲಿ ಹಾಲಿ ಎಂಬ ಜಾತಿಯ ಮರವೊಂದಿತ್ತು. ದಪ್ಪ ಹಸಿರೆಲೆ, ಎಲೆಯಂಚಿಗೆಲ್ಲ ಮುಳ್ಳು. ಜಪಾನಿನ ಹಳಬರ ಪ್ರಕಾರ ಈಶಾನ್ಯವೆಂದರೆ ದೆವ್ವಗಳು ಒಳಗೆ ಬರುವ ಬಾಗಿಲಂತೆ. ಅಲ್ಲಿ ಮುಳ್ಳಿನ ಗಿಡ ನೆಟ್ಟರೆ ಕೆಟ್ಟದ್ದು ಚುಚ್ಚಿಸಿಕೊಂಡು ಹಿಂದೆ ಹೋಗುತ್ತದಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರ ಇಲ್ಲಿನ ಜಪಾನಿಯರನ್ನು ಮನೆ, ಹೊಲ ಬಿಡಿಸಿ ಮುಳ್ಳುತಂತಿಯ ಕ್ಯಾಂಪುಗಳಿಗೆ ತುಂಬಿತಲ್ಲ, ಸುಮಿಯೆ ಹುಟ್ಟಿದ್ದೇ ಅಂಥದ್ದೊಂದರಲ್ಲಿ. ಎಷ್ಟೋ ವರ್ಷದ ಮೇಲೆ ಅವರಪ್ಪ ಇಲ್ಲಿ ಮನೆ ಕಟ್ಟಿದಾಗ ಬಾಗಿಲಿಗೆ ಬಣ್ಣ ಹೊಡೆಯುವ ಮೊದಲೇ ಈ ಗಿಡ ನೆಟ್ಟರಂತೆ.

"ಕ್ಯಾಂಪಿಗೆ ಹೋಗೋ ಮುಂಚಿನ ಮನೇಲಿ ಇದನ್ನ ನೆಟ್ಟಿರಲಿಲ್ಲ ಅಂತ ಅಪ್ಪ ಸಾಯೋವರೆಗೂ ಕೊರಗ್ತಿದ್ರು," ಎಂದಿದ್ದರು ಸುಮಿಯೆ. ಅವರು ಮಾತಾಡುವುದು ಇಂಗ್ಲಿಷಿನಲ್ಲಿ. ನನಗೆ ಅವರು ಅಜ್ಜಿಯಂತೆಯೇ ಆದ್ದರಿಂದ ನನ್ನ ಕನ್ನಡದಲ್ಲೇ ಹೇಳುತ್ತೇನೆ. "ಮರ ಉಳಿಸ್ಕೊಳ್ಳಿ. ವರ್ಷಕ್ಕೊಂದು ಸಲ ಬಂದು ಒಂದು ಟೊಂಗೆ ಕತ್ತರಿಸ್ಕೊಂಡು ಹೋಗ್ತೀನಿ. ಬರೆದುಕೊಡೋದೆಲ್ಲ ಬೇಡಮ್ಮ, ನೀವು ಹೂಂ ಅಂದ್ರೆ ಸಾಕು."

ನಾನು ಹೂಂ ಎಂದೆ. ತಿರುಮಲೇಶ ನನಗಿಂತ ಜೋರಾಗಿ ಹೂಂ ಎಂದು ಸೊಂಟ ಬಗ್ಗಿಸಿ ನಮಸ್ಕಾರವನ್ನೂ ಮಾಡಿದ.

ಫೆಬ್ರವರಿ ಮೊದಲ ವಾರ, ಚಳಿಗಾಲ ಮುಗಿಯುವ ಹಬ್ಬಕ್ಕೆ ಅವರು ಬರುತ್ತಿದ್ದರು. ಟೊಂಗೆಗೆ ಸುಟ್ಟ ಬೂತಾಯಿ ಮೀನಿನ ತಲೆ ಸಿಕ್ಕಿಸಿ ಬಾಗಿಲಿಗೆ ಕಟ್ಟುವುದು, ಹುರಿದ ಸೋಯಾ ಕಾಳು ಎರಚಿ ದೆವ್ವ ಓಡಿಸುವುದು ಅವರ ಪದ್ಧತಿ. ಬಂದವರು ನನ್ನ ಜೊತೆ ಕೂತು ಟೀ ಕುಡಿದು, ನಮ್ಮ ಮಗಳು ಮಾನ್ಯಾಳ ಶಾಲೆಯ ವಿಷಯ ಕೇಳಿ ಹೋಗುತ್ತಿದ್ದರು. ಈ ಊರಿನಲ್ಲಿ ಫೋನು ಮಾಡದೆ ನನ್ನ ಮನೆಗೆ ಬರುತ್ತಿದ್ದವರು ಅವರೊಬ್ಬರೇ.

ಕಳೆದ ಬೇಸಿಗೆಯಲ್ಲಿ ತಿರುಮಲೇಶನ ಕೆಲಸ ಹೋಯಿತು. ಲೇಆಫು ಯಾರಿಗೆ ಆಗಿಲ್ಲ? ಆದರೆ ನಮ್ಮತ್ತೆ ಮೈಸೂರಿನಿಂದಲೇ ಒಬ್ಬ ವಾಸ್ತುವಿನವರನ್ನು ವಿಡಿಯೋ ಕಾಲಿಗೆ ಹಿಡಿದರು. ಆ ಮಹಾಶಯ ಫೋನಿನಲ್ಲೇ ಹಿತ್ತಲು ನೋಡಿ ಹೌಹಾರಿದ. "ಈಶಾನ್ಯದಲ್ಲಿ ಮುಳ್ಳಿನ ಮರವೇ! ದೇವಮೂಲೆ ಸ್ವಾಮಿ ಅದು, ಖಾಲಿ ಇರಬೇಕು. ಬಾಗಿಲಿಗೆ ಬಂದ ಲಕ್ಷ್ಮಿಗೆ ಮುಳ್ಳು ಚುಚ್ಚಿದ್ರೆ ಒಳಗೆ ಬರ್ತಾಳಾ?"

ಅವರಿಗೆ ದೆವ್ವ ಬರುವ ಮೂಲೆ, ನಮಗೆ ದೇವರು ಬರುವ ಮೂಲೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ ನನಗೆ.

"ನಾನು ಮಾತು ಕೊಟ್ಟಿದೀನಿ ತಿರು," ಎಂದೆ.

"ಮಾತು ತಿನ್ನೋಕಾಗುತ್ತಾ ನಿರುಪಮಾ? ಮಾರ್ಟ್‌ಗೇಜು ಯಾರು ಕಟ್ತಾರೆ?"

"ನನ್ನ ಸಂಬಳದಲ್ಲಿ ನಡೀತಿದೆಯಲ್ಲ."

ಅದನ್ನು ಹೇಳಬಾರದಿತ್ತೇನೋ. ಮರುದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಮರ ಕಡಿಸಿ, ಚೂರು ಮಾಡಿಸಿ, ಲಾರಿಯಲ್ಲಿ ಕಳಿಸಿಯೂ ಆಗಿತ್ತು. ಹಿತ್ತಲಿನಲ್ಲಿ ಉಳಿದದ್ದು ಬುಡ ಮಾತ್ರ. ಬಾಯಿಗೆ ಬಂದಂತೆ ಬೈದೆ. "ಮನೆಹಾಳ" ಎಂದೂ ಅಂದುಬಿಟ್ಟೆ. ಅವನು ಟೀವಿ ಜೋರು ಮಾಡಿಕೊಂಡ.

ಹೊಟ್ಟೆ ಉರಿಯುವುದು ಯಾತಕ್ಕೆಂದರೆ, ಸ್ವಲ್ಪ ದಿನದಲ್ಲೇ ಅವನಿಗೆ ಕೆಲಸ ಸಿಕ್ಕಿತು. "ನೋಡಿದ್ಯಾ?" ಎಂದ. ನಮ್ಮತ್ತೆಯೂ ಫೋನಿನಲ್ಲಿ "ನೋಡಿದ್ಯೇನೇ?" ಎಂದರು. ಸುಮಿಯೆಗೆ ನಾನೇ ಹೇಳುತ್ತೇನೆಂದು ಹೊರಟರೆ "ಬೇಡ, ನಾನು ನೀಟಾಗಿ ಹೇಳ್ತೀನಿ" ಎಂದು ತಡೆದ. ಹೇಳಲಿಲ್ಲ. ಫೆಬ್ರವರಿ ಬಂದೇಬಿಟ್ಟಿತು.

ಅಂದು ಶನಿವಾರ. ಬಾಗಿಲು ತೆಗೆದವನು ತಿರುಮಲೇಶ. ಸುಮಿಯೆ ಒಂದು ಕೈಯಲ್ಲಿ ಮೋಚಿ ಎಂಬ ಜಪಾನಿ ಸಿಹಿಯ ಡಬ್ಬ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸುತ್ತಿದ ಕತ್ತರಿ ಹಿಡಿದು ನಿಂತಿದ್ದರು.

"ಬೇರಿಗೆ ರೋಗ ಬಂತು ಮಿಸೆಸ್ ತಾಕೆಮೊತೊ," ಎಂದ ಇವನು, ಮುಖ ಇಷ್ಟು ಸಪ್ಪೆ ಮಾಡಿಕೊಂಡು. "ಮನೆ ಮೇಲೆ ಬೀಳುತ್ತೆ ಅಂದ್ರು, ಬೇರೆ ದಾರಿನೇ ಇರಲಿಲ್ಲ. ನಮಗೂ ತುಂಬಾ ಬೇಜಾರು."

ಅವರು ಹಿತ್ತಲಿಗೆ ಹೋದರು. ಬುಡದ ಹತ್ತಿರ ಕಷ್ಟಪಟ್ಟು ಮೊಣಕಾಲೂರಿ, ಕಡಿದ ಜಾಗದ ಮೇಲೆ ಅಂಗೈ ಇಟ್ಟು ಸವರಿದರು. ಎದ್ದು ನನ್ನ ಗಂಡನಿಗೆ ತಲೆಬಾಗಿದರು.

"ಹಳೇ ಮರ ನಿಮ್ಮ ತಲೆಗೆ ಕಟ್ಟಿ ಹೋದೆ. ನಿಮಗೆ ತೊಂದರೆ ಆಯ್ತು, ಕ್ಷಮಿಸಿ."

ಸಿಹಿಯ ಡಬ್ಬ ಅವನ ಕೈಗಿಟ್ಟರು. ಅವನು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಒಂದು ಮಾತು ಅನ್ನಲಿಲ್ಲ ನೋಡು. ಇದಪ್ಪಾ ಸಂಸ್ಕಾರ ಅಂದ್ರೆ," ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಅವರನ್ನು ಬಿಡಲು ಕಾರಿನ ತನಕ ಹೋದವಳು ತಡೆಯಲಾರದೆ ಅವರ ಕೈ ಹಿಡಿದುಕೊಂಡೆ.

"ರೋಗ ಇರಲಿಲ್ಲ ಅಜ್ಜಿ. ಅವನೇ ಕಡಿಸಿದ. ಈ ಮೂಲೆಲಿ ಮುಳ್ಳು ಇದ್ರೆ ಕೆಲಸ ಸಿಗಲ್ಲ ಅಂತ ಯಾರೋ ಹೇಳಿದ್ರು. ನಾನು ಬೇಡ ಅಂದೆ, ಕೇಳಲಿಲ್ಲ."

ಹೇಳಿ ಮುಗಿಸಿದಾಗ ನನ್ನ ಎದೆ ಹಗುರಾಯಿತು. ಅವರ ಮುಖ ನೋಡಿದೆ. ಅಲ್ಲಿ ಹಗುರಾದದ್ದು ಏನೂ ಇರಲಿಲ್ಲ.

"ನನಗೆ ಗೊತ್ತಾಯ್ತಮ್ಮ," ಎಂದರು. "ರೋಗದ ಮರ ಒಳಗೆ ಅಷ್ಟು ಗಟ್ಟಿಯಾಗಿ ಇರಲ್ಲ."

"ಮತ್ತೆ ಯಾಕೆ ಕ್ಷಮೆ ಕೇಳಿದ್ರಿ?"

"ಅವರು ಒಂದು ಸುಳ್ಳು ಹೇಳಿದ್ರು, ನಾನು ನಂಬಿದ ಹಾಗೆ ಇದ್ದೆ. ಹಾಗೇ ಬಿಟ್ಟಿದ್ರೆ ಮರ ಇಲ್ದಿದ್ರೂ ಬರೋ ವರ್ಷ ನಿಮ್ಮನೆಗೆ ಬಂದು ಟೀ ಕುಡೀಬಹುದಿತ್ತು." ನನ್ನ ಕೈಯಿಂದ ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. "ಈಗ ನೀವು ನಿಜ ಹೇಳಿಬಿಟ್ರಿ. ಇನ್ನು ಏನು ಮುಖ ಇಟ್ಕೊಂಡು ಬರಲಮ್ಮ?"

ಕಾರು ಹೊರಟು ತಿರುವು ದಾಟಿತು. ನಾನು ಒಳಗೆ ಬಂದೆ. ತಿರುಮಲೇಶ ಡಬ್ಬ ಬಿಚ್ಚಿ, ಒಂದು ಮೋಚಿ ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ನನ್ನತ್ತ ಚಾಚಿದ.

"ಎಷ್ಟು ಚೆನ್ನಾಗಿದೆ ತಗೋ. ಮುಂದಿನ ವರ್ಷ ಬಂದಾಗ ನಾವೂ ಅವರಿಗೆ ಮೈಸೂರ್ ಪಾಕು ಮಾಡಿ ಕೊಡಬೇಕು."

"ಅವರು ಬರಲ್ಲ."

"ಯಾಕೆ ಬರಲ್ಲ? ಸಿಟ್ಟಾಗೋ ಜನ ಅಲ್ಲ ಕಣೇ ಅವ್ರು," ಎಂದು ಅವನು ಎರಡನೆಯದನ್ನೂ ತಾನೇ ತಿಂದ.